ಲೆಗ್ ಗಾರ್ಡ್ ಕಾಯೋದು ಯಾರ ಲೆಗ್ಗನ್ನ?

ಹೊಸ ಬೈಕಿನ ಕೊಟೇಶನ್ ಚೀಟಿಯನ್ನು ನಮ್ಮ ಕಡೆ ಯಾರೂ ಪೂರ್ತಿ ಓದುವುದಿಲ್ಲ. ಮೇಲೆ ಎಕ್ಸ್ ಶೋರೂಂ ಬೆಲೆ, ಅದರ ಕೆಳಗೆ ರೋಡ್ ಟ್ಯಾಕ್ಸು, ಇನ್ಶೂರೆನ್ಸು, ಕೊನೆಗೆ ಆನ್‌ರೋಡ್ ಮೊತ್ತ. ತಿಂಗಳಿಗೆ ಕಂತು ಎಷ್ಟು ಬೀಳುತ್ತದೆ ಅಂತ ಕೇಳಿ ಚೀಟಿ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತೇವೆ. ನಡುವೆ ‘ಆಕ್ಸೆಸರೀಸ್’ ಎಂಬ ಒಂದು ಸಾಲು ಇರುತ್ತದೆ. ಎರಡು ಸಾವಿರ, ಮೂರು ಸಾವಿರ, ಕೆಲವು ಕಡೆ ಐದು ಸಾವಿರ. ಅದರಲ್ಲಿ ಏನೇನು ಬಂತಪ್ಪಾ ಎಂದು ಕೇಳಿದರೆ ಕೌಂಟರಿನ ಹುಡುಗ ಬೆರಳು ಮಡಚುತ್ತಾನೆ: ಲೆಗ್ ಗಾರ್ಡು, ಸೀಟ್ ಕವರು, ಗ್ರಿಪ್ ಕವರು, ಟ್ಯಾಂಕ್ ಸ್ಟಿಕ್ಕರು. ಬೇಡ ಅಂದರೆ ಒಂದೇ ಮಾತು: “ಎಲ್ಲಾರೂ ಹಾಕುಸ್ಕೊಂಡೋಯ್ತಾರೆ ಅಣ್ಣಾ, ಕಾಲಿಗೆ ಸೇಫ್ಟಿ.”

ಕಾಲಿಗೆ ಸೇಫ್ಟಿ. ಈ ಎರಡು ಪದದ ಮೇಲೆ ನಮ್ಮ ತಕರಾರು.

ನಾವು ಗಾರ್ಡಿನ ವಿರೋಧಿಗಳಲ್ಲ, ಮೊದಲೇ ಹೇಳಿಬಿಡುತ್ತೇವೆ. ನಮ್ಮ ಬಳಗದವರ ಮನೆ ಬೈಕುಗಳಲ್ಲೂ ಗಾರ್ಡ್ ಇದೆ. ಹಾಲು ಹಾಕುವವರ ಬೈಕಿಗೆ ಇರಲೇಬೇಕು ಅಂತಲೂ ಹೇಳುತ್ತೇವೆ. ಆದರೆ ಕಬ್ಬಿಣದ ಪೈಪನ್ನು ಕಬ್ಬಿಣದ ಪೈಪು ಅಂತಲೇ ಮಾರಬೇಕು, ತಾಯತ ಅಂತ ಮಾರಬಾರದು. ಗಾರ್ಡು ಕಾಯುವುದು ಬಹುಮಟ್ಟಿಗೆ ಬೈಕನ್ನು. ಬೈಕಿಗೆ ಅಂತ ತಗೊಂಡರೆ ಯೋಚನೆ ಮಾಡಿ ಒಳ್ಳೆಯದನ್ನೇ ತಗೋತೀರಿ. ಕಾಲಿಗೆ ಅಂತ ನಂಬಿ ತಗೊಂಡರೆ ಕಾಲಿಗೂ ತಲೆಗೂ ಇಡಬೇಕಾದ ದುಡ್ಡು ಅಲ್ಲಿಗೇ ಮುಗಿಯುತ್ತದೆ.

ಗಾರ್ಡ್ ಯಾವಾಗ ಕೆಲಸಕ್ಕೆ ಬರುತ್ತದೆ? ಸೈಡ್ ಸ್ಟ್ಯಾಂಡ್ ಹಸಿ ಮಣ್ಣಿನಲ್ಲಿ ಇಳಿದು ಬೈಕು ನಿಂತಲ್ಲೇ ಮಗುಚಿತು ಅನ್ನಿ. ಅಥವಾ ಹಿಂದೆ ಗೊಬ್ಬರದ ಮೂಟೆ ಕಟ್ಟಿಕೊಂಡು ತೋಟದ ದಾರಿಯಲ್ಲಿ ತಿರುಗಿಸುವಾಗ ಮುಂದಿನ ಚಕ್ರ ಜಾರಿತು ಅನ್ನಿ. ಬೈಕಿನ ನೂರು, ನೂರಿಪ್ಪತ್ತು ಕೆಜಿ ಭಾರ ಪೂರ್ತಿ ನೆಲಕ್ಕೆ ಮಲಗದೆ ಪೈಪಿನ ಮೇಲೆ ಓರೆಯಾಗಿ ನಿಲ್ಲುತ್ತದೆ. ಪಾದ ಅಡಿಗೆ ಸಿಕ್ಕಿದ್ದರೂ ಎಳೆದುಕೊಳ್ಳುವಷ್ಟು ಸಂದು ಸಿಗುತ್ತದೆ. ಇಂಡಿಕೇಟರ್ ಉಳಿಯಬಹುದು. ಕ್ಲಚ್ ಕವರ್ ಒಡೆಯದೆ, ಆಯಿಲ್ ಸೋರದೆ ಇರಬಹುದು. ಇದು ಸಣ್ಣ ಉಪಕಾರವಲ್ಲ. ಆಯಿಲ್ ಸೋರಿಹೋದ ಬೈಕನ್ನು ತೋಟದಿಂದ ಮೆಕ್ಯಾನಿಕ್ ಅಂಗಡಿಯವರೆಗೆ ತಳ್ಳಿದವರಿಗೆ ಅದರ ಬೆಲೆ ಗೊತ್ತು.

ಆದರೆ ಜನ ಆಸ್ಪತ್ರೆ ಸೇರುವುದು ಇಂಥ ಬೀಳುವಿಕೆಯಿಂದಲ್ಲ. ಹೈವೇಯಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರಿಗೆ ಗುದ್ದಿದಾಗ, ಅಡ್ಡರಸ್ತೆಯಿಂದ ಕಾರು ಬಂದು ಪಕ್ಕೆಗೆ ಹೊಡೆದಾಗ, ನಾಯಿಯೋ ಎಮ್ಮೆಯೋ ಅಡ್ಡ ಬಂದಾಗ. ಅಂಥ ಹೊತ್ತಿನಲ್ಲಿ ಗಾರ್ಡ್ ಕಾಲನ್ನು ಉಳಿಸುತ್ತದೆಯೇ ಎಂಬ ಪ್ರಶ್ನೆಯನ್ನು ಹಿಂದೆಯೇ ಒಬ್ಬರು ಸರಿಯಾಗಿ ಕೇಳಿದ್ದಾರೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲಿಸ್ ಸುತ್ತ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ಪರಿಶೀಲಿಸಿತು. ವರದಿ ಬಂದದ್ದು 1981ರಲ್ಲಿ. ಬೈಕ್ ಅಪಘಾತದ ಬಗ್ಗೆ ಮಾತಾಡುವವರು ಇಂದಿಗೂ ಅದನ್ನು ‘ಹರ್ಟ್ ರಿಪೋರ್ಟ್’ ಅನ್ನುತ್ತಾರೆ. ಕ್ರ್ಯಾಶ್ ಗಾರ್ಡ್ ಬಗ್ಗೆ ಅದು ಹೇಳಿದ್ದು ಇಷ್ಟು: ಇದು ಪರಿಣಾಮಕಾರಿ ರಕ್ಷಣೆಯಲ್ಲ. ಪಾದ, ಹರಡಿನ ಗಾಯ ಕಡಿಮೆಯಾದಷ್ಟೇ ಮೊಣಕಾಲು, ತೊಡೆ, ಕೆಳಗಾಲಿನ ಗಾಯ ಹೆಚ್ಚಾಗುತ್ತದೆ. ಅಲ್ಲಿಗಲ್ಲಿಗೆ ಸರಿಹೋಯಿತು.

“ಅದು ಅಮೆರಿಕದ ದೊಡ್ಡ ಬೈಕುಗಳ ಲೆಕ್ಕ, ನಮ್ಮ ಸ್ಪ್ಲೆಂಡರ್ರಿಗೂ ಅದಕ್ಕೂ ಏನು ಸಂಬಂಧ?” ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಬೈಕು ಬೇರೆ, ರಸ್ತೆ ಬೇರೆ, ಕಾಲವೂ ಬೇರೆ. ಆದರೆ ಕಾಲು ಅದೇ ಕಾಲು. ಗಾರ್ಡಿರುವ ಬೈಕಿನ ಮೇಲೆ ಕೂತು ಕೆಳಗೆ ನೋಡಿ. ಮೊಣಕಾಲಿನ ಮುಂದೆ ಒಂದು ಕಬ್ಬಿಣದ ಕಮಾನು. ಮುಂದಿನಿಂದ ಗುದ್ದಿದರೆ ಬೈಕು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಮುಂದಕ್ಕೆ ಹೋಗುವ ಮೊಣಕಾಲಿಗೆ ಎದುರಾಗುವುದು ಆ ಕಮಾನು. ಪಕ್ಕದಿಂದ ಕಾರು ಹೊಡೆದರೆ ತೆಳು ಪೈಪು ಒಳಕ್ಕೆ ಬಾಗುತ್ತದೆ. ಬಾಗಿ ಹೋಗುವುದೆಲ್ಲಿಗೆ? ಫುಟ್‌ರೆಸ್ಟಿನ ಕಡೆಗೆ. ಅಲ್ಲಿರುವುದು ನಿಮ್ಮ ಪಾದ. ಹಿಂದೆ ಎಂಜಿನ್ನು, ಮುಂದೆ ಬಾಗಿದ ಪೈಪು, ನಡುವೆ ಕಾಲು.

ಕಾಲಿಗೆ ಸೇಫ್ಟಿ ನಿಜವಾಗಿಯೂ ಬೇಕಿದ್ದರೆ ಶೂ ಹಾಕಿ. ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಗಾರ್ಡಿಗೆ ಸಾವಿರದೈನೂರು ಕೊಟ್ಟು ಓಡಾಡುವ ನಾಡು ನಮ್ಮದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಮೆಂಟ್ ಕೆಲಸದವರು ಹಾಕುವ ಸೇಫ್ಟಿ ಶೂ ಸಿಗುತ್ತದಲ್ಲ, ಹರಡು ಮುಚ್ಚುವಂಥದ್ದು, ಅದು ಗಾರ್ಡಿಗಿಂತ ಅಗ್ಗ. ತೋಟದ ಕೆಲಸಕ್ಕೂ ಆಗುತ್ತದೆ.

ಈಗ ಗಾರ್ಡಿನ ತಮ್ಮ ಬಂದಿದ್ದಾನೆ, ಸ್ಲೈಡರ್. ಎಂಜಿನ್ನಿನ ಎರಡೂ ಬದಿಗೆ ಗೂಟ ಹೊಡೆದ ಹಾಗೆ ಹೊರಗೆ ಚಾಚಿಕೊಂಡಿರುವ ಕಪ್ಪು ಗುಂಡು. ಊರಿನ ಹುಡುಗರ ಮೊಬೈಲಿನಲ್ಲಿ ದಿನಾ ಇದರದ್ದೇ ವಿಡಿಯೋ. ಎಂಥ ಬಣ್ಣ, ಎಷ್ಟು ಉದ್ದ, ಲೈಟ್ ಇರುವುದೋ ಇಲ್ಲದ್ದೋ. ಇದು ಎಲ್ಲಿಯ ವಸ್ತು ಎಂದು ತಿಳಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಇದು ರೇಸಿನ ವಸ್ತು. ಅಲ್ಲಿ ಬೈಕು ಬಿದ್ದರೆ ನುಣುಪು ಟಾರಿನ ಮೇಲೆ ಸುಮಾರು ದೂರ ಜಾರಿಕೊಂಡು ಹೋಗುತ್ತದೆ. ಆಗ ಬೈಕಿನ ಪಕ್ಕೆಯ ಪ್ಲಾಸ್ಟಿಕ್ ಕವಚ, ಎಂಜಿನ್ ಕವರ್ ಟಾರಿಗೆ ಉಜ್ಜಿ ಹರಿಯದಿರಲಿ, ಬದಲಿಗೆ ಈ ಗುಂಡು ಉಜ್ಜಿ ಸವೆಯಲಿ ಎಂಬುದು ಲೆಕ್ಕ. ಹೆಸರೇ ಹೇಳುವಂತೆ ಅದು ಜಾರಬೇಕು. ತಡೆಯಬಾರದು, ಕಚ್ಚಬಾರದು. ಬೈಕು ಹಗುರಾಗಿ ಜಾರಿಕೊಂಡು ತನ್ನ ಪಾಡಿಗೆ ಹೋಗಬೇಕು. ಸವಾರನ ಕಾಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದನ್ನು ಕಂಡುಹಿಡಿದವರು ಹಾಗೆ ಹೇಳಿಕೊಳ್ಳಲೂ ಇಲ್ಲ. ಹೇಳಿದ್ದು ನಮ್ಮ ಅಂಗಡಿಗಳು.

ಈಗ ನಮ್ಮ ರಸ್ತೆ ನೋಡಿ. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿ ರಸ್ತೆಯಲ್ಲಿ ಟಾರು ಇರುವುದು ಒಂದೂವರೆ ಗಾಡಿ ಅಗಲ. ಅದರ ಅಂಚು ಮುಗಿದಲ್ಲಿ ಗೇಣುದ್ದ ತಗ್ಗು, ಆಮೇಲೆ ಮಣ್ಣು, ಜಲ್ಲಿ, ಚರಂಡಿ. ಬಿದ್ದ ಬೈಕು ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣಿಗೆ ಇಳಿದಿರುತ್ತದೆ. ಮಣ್ಣಿನಲ್ಲಿ ಸ್ಲೈಡರ್ ಜಾರುವುದಿಲ್ಲ, ನೇಗಿಲಿನ ಹಾಗೆ ಇಳಿಯುತ್ತದೆ. ಇಳಿದರೆ ಜಾರುತ್ತಿದ್ದ ಬೈಕು ಒಮ್ಮೆಲೇ ಸಿಕ್ಕಿಕೊಂಡು ಪಲ್ಟಿ ಹೊಡೆಯುತ್ತದೆ. ಪಲ್ಟಿ ಹೊಡೆದ ಬೈಕಿನಲ್ಲಿ ಆಮೇಲೆ ಉಳಿಸಲು ಏನೂ ಇರುವುದಿಲ್ಲ. ಗುಂಡು ಎಷ್ಟು ಉದ್ದವೋ ಈ ಅಪಾಯ ಅಷ್ಟು ಹೆಚ್ಚು.

ಇನ್ನು ಡಿಸೆಂಬರ್, ಜನವರಿ ಬಂತೆಂದರೆ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ, ಅವರೆ ಬಳ್ಳಿ ಎಲ್ಲ ಟಾರಿನ ಮೇಲೆ. ಚಕ್ರದಡಿ ಒಕ್ಕಣೆ ಆಗಲಿ ಅಂತ ಹರಡಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಹುರುಳಿ ಕಾಳಿನ ಮೇಲೆ ಬೈಕು ಬ್ರೇಕ್ ಹಿಡಿದರೆ ಏನಾಗುತ್ತದೆ ಎಂದು ನಾವು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗಾರ್ಡೂ ಅಷ್ಟೇ, ಸ್ಲೈಡರೂ ಅಷ್ಟೇ, ತಲೆ ಆ ಕಲ್ಲಿಗೆ ಬಡಿಯುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದ ರೈತರನ್ನು ಬೈಯುವುದು ನಮ್ಮ ಉದ್ದೇಶವಲ್ಲ, ಅದರ ಬಗ್ಗೆ ಬೇರೆಯೇ ಬರೆಯಬೇಕು. ಆದರೆ ಕಲ್ಲು ಇಡುವುದನ್ನಾದರೂ ಬಿಡಬಹುದಲ್ಲ.

ಹಾಗಾದರೆ ತಗೊಳ್ಳುವವರು ಏನು ನೋಡಿ ತಗೊಳ್ಳಬೇಕು? ನಮ್ಮ ಅಭಿಪ್ರಾಯ ನೇರವಾಗಿಯೇ ಹೇಳುತ್ತೇವೆ. ನೂರು, ನೂರಿಪ್ಪತ್ತೈದು ಸಿಸಿಯ ಬೈಕು, ಮೈಮೇಲೆ ಪ್ಲಾಸ್ಟಿಕ್ ಕವಚವಿಲ್ಲದ್ದು, ಹಾಲು, ಹುಲ್ಲು, ಮೂಟೆ ಹೊರುವಂಥದ್ದು ಆಗಿದ್ದರೆ ಸ್ಲೈಡರ್ ದಂಡ. ಅದಕ್ಕೆ ಪೈಪಿನ ಗಾರ್ಡೇ ಸರಿ. ಆರ್‌15 ಥರದ, ಪಕ್ಕೆಗೆಲ್ಲ ಪ್ಲಾಸ್ಟಿಕ್ ಹೊದ್ದ ಬೈಕಿದ್ದು, ಹೆಚ್ಚಾಗಿ ಟಾರಿನ ಮೇಲೇ ಓಡಾಡುವವರಾದರೆ ಸ್ಲೈಡರ್‌ಗೆ ಅರ್ಥವಿದೆ. ಆ ಪ್ಲಾಸ್ಟಿಕ್ಕಿನ ಒಂದು ಭಾಗ ಒಡೆದರೂ ಸಾವಿರಗಟ್ಟಲೆ ಬೀಳುತ್ತದೆ.

ಯಾವುದೇ ಆಗಲಿ, ಹೊಳಪು ನೋಡಬೇಡಿ, ಬೋಲ್ಟ್ ನೋಡಿ. ಅಂಗಡಿಯವರು ತೋರಿಸದೆ ಇರುವುದು ಇದನ್ನೇ.

ಸ್ಲೈಡರ್ ಕೂರುವುದು ಬಹಳಷ್ಟು ಬೈಕುಗಳಲ್ಲಿ ಎಂಜಿನ್ನಿನ ಫೌಂಡೇಶನ್ ಬೋಲ್ಟ್ ಇರುವ ಜಾಗದಲ್ಲಿ. ಕಂಪನಿಯ ಬೋಲ್ಟ್ ಬಿಚ್ಚಿ, ಸ್ಲೈಡರ್ ಕಿಟ್ಟಿನ ಜೊತೆ ಬಂದ ಉದ್ದನೆಯ ಬೋಲ್ಟ್ ಹಾಕುತ್ತಾರೆ. ಅಂದರೆ ಅವತ್ತಿನಿಂದ ನಿಮ್ಮ ಎಂಜಿನ್ನನ್ನು ಚಾಸಿಗೆ ಹಿಡಿದು ನಿಲ್ಲಿಸಿರುವುದು ಆ ಹೊಸ ಬೋಲ್ಟು. ಆರುನೂರು ರೂಪಾಯಿ ಕಿಟ್ಟಿನ ಬೋಲ್ಟು. ಅದು ಎಂಥದ್ದು ಎಂದು ಯಾರಾದರೂ ಕೇಳಿದ್ದೀರಾ? ಗಟ್ಟಿ ಬೋಲ್ಟಿನ ತಲೆಯ ಮೇಲೆ 8.8 ಅಂತಲೋ 10.9 ಅಂತಲೋ ಒತ್ತಿರುತ್ತದೆ. ಅದು ಅದರ ಗಟ್ಟಿತನದ ದರ್ಜೆ. ಏನೂ ಬರೆಯದ ಬೋಳು ತಲೆಯ ಬೋಲ್ಟಿದ್ದರೆ ಆ ಕಿಟ್ ವಾಪಸ್ ಕೊಡಿ. ಬಿಚ್ಚಿದ ಕಂಪನಿ ಬೋಲ್ಟನ್ನು ಎಸೆಯಬೇಡಿ, ಮನೆಗೆ ತಂದಿಟ್ಟುಕೊಳ್ಳಿ.

ಎಷ್ಟೋ ಬೈಕುಗಳಲ್ಲಿ ಎಂಜಿನ್ನೇ ಚಾಸಿಯ ಒಂದು ಭಾಗ. ಮುಂದಿನಿಂದ ಇಳಿದು ಬಂದ ಪೈಪು ಎಂಜಿನ್ನಿಗೆ ಬಂದು ನಿಲ್ಲುತ್ತದೆ, ಕೆಳಗೆ ತೊಟ್ಟಿಲಿನ ಹಾಗೆ ಹೊತ್ತ ಪೈಪು ಇರುವುದಿಲ್ಲ. ಇಂಥ ಬೈಕಿನಲ್ಲಿ ಉದ್ದನೆಯ ಸ್ಲೈಡರ್ ನೆಲಕ್ಕೆ ಹೊಡೆದರೆ ಹಾರೆ ಹಾಕಿ ಮೀಟಿದ ಹಾಗೆ. ಬೋಲ್ಟ್ ಬಾಗುತ್ತದೆ, ಇಲ್ಲವೇ ಅದು ಕೂತಿರುವ ಎಂಜಿನ್ನಿನ ಕಿವಿ ಸೀಳುತ್ತದೆ. ನೂರೈವತ್ತು ರೂಪಾಯಿಯ ಕ್ಲಚ್ ಲಿವರ್, ಇನ್ನೂರು ರೂಪಾಯಿಯ ಇಂಡಿಕೇಟರ್ ಉಳಿಸಲು ಹೋಗಿ ಎಂಜಿನ್ ಬಿಚ್ಚುವ ಪರಿಸ್ಥಿತಿ. ಆದ್ದರಿಂದ ಗುಂಡು ಗಿಡ್ಡವಾಗಿರಬೇಕು, ಕಾಯಬೇಕಾದ ಭಾಗಕ್ಕಿಂತ ಸ್ವಲ್ಪವೇ ಹೊರಗೆ ಬಂದಿದ್ದರೆ ಸಾಕು. ಒಂದೇ ಬೋಲ್ಟಿನ ಮೇಲೆ ಭಾರ ಬಿಡದೆ ಎರಡು ಕಡೆ ಹಿಡಿದು ಹಂಚುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಗುಂಡು ಯಾವುದರದ್ದು ಎಂಬುದೂ ಮುಖ್ಯ. ಗಟ್ಟಿ ನೈಲಾನು, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕು, ಇಂಥದ್ದು ಜಾರುತ್ತಾ ಸವೆಯುತ್ತದೆ. ರಬ್ಬರ್ ಗುಂಡು ಟಾರನ್ನು ಹಿಡಿದುಕೊಳ್ಳುತ್ತದೆ, ಟಯರಿನ ಹಾಗೆ. ಅಲ್ಯುಮಿನಿಯಂ ಗುಂಡು ನೋಡಲು ಚೆಂದ, ಟಾರಿನ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಕೆಂಪು ನೀಲಿ ಲೈಟ್ ಬೇರೆ. ಇನ್ನೊಂದು, ಬೋಲ್ಟಿನ ತಲೆ ಗುಂಡಿನೊಳಗೆ ಆಳದಲ್ಲಿ ಹುದುಗಿರಬೇಕು. ಹೊರಗೇ ಕಾಣುತ್ತಿದ್ದರೆ ಗುಂಡು ಸ್ವಲ್ಪ ಸವೆದ ಕೂಡಲೇ ಬೋಲ್ಟ್ ತಲೆ ರಸ್ತೆಗೆ ಉಜ್ಜುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ.

‘ಯೂನಿವರ್ಸಲ್’ ಎಂದು ಬರೆದ ಪೊಟ್ಟಣವನ್ನು ಮುಟ್ಟಲೇಬೇಡಿ. ಎಲ್ಲ ಬೈಕಿಗೂ ಆಗುವಂಥದ್ದು ಅಂದರೆ ಯಾವ ಬೈಕಿಗೂ ಸರಿಯಾಗಿ ಆಗದ್ದು.

ಹಾಕಿಸುವಾಗ ಎದುರಿಗೇ ನಿಂತುಕೊಳ್ಳಿ. ಎರಡೂ ಬದಿಯ ಫೌಂಡೇಶನ್ ಬೋಲ್ಟನ್ನು ಒಟ್ಟಿಗೆ ಬಿಚ್ಚಬಾರದು. ಎಂಜಿನ್ ಅಡಿಗೆ ಜಾಕ್ ಆದರೂ ಸರಿ, ಮರದ ದಿಮ್ಮಿ ಆದರೂ ಸರಿ, ಆಸರೆ ಕೊಟ್ಟು ಒಂದೊಂದೇ ಬದಿ ಬಿಚ್ಚಬೇಕು. ಇಲ್ಲದಿದ್ದರೆ ಎಂಜಿನ್ ಕೂದಲೆಳೆಯಷ್ಟು ಇಳಿದು, ಹೊಸ ಬೋಲ್ಟ್ ತೂರದೆ, ಸುತ್ತಿಗೆಯಲ್ಲಿ ಬಡಿಯುತ್ತಾರೆ. ಬಡಿದು ಕೂರಿಸಿದ ಬೋಲ್ಟಿನ ಮರೆ ಹಾಳಾಗಿರುತ್ತದೆ. ಹಾಕಿಸಿದ ಹತ್ತು ಹದಿನೈದು ದಿನಕ್ಕೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು. ನಮ್ಮ ಹಂಪುಗಳು ಏನನ್ನೂ ಬಿಗಿಯಾಗಿ ಇರಲು ಬಿಡುವುದಿಲ್ಲ.

ಪೈಪಿನ ಗಾರ್ಡಿಗೂ ಇದೇ ಮಾತು ಸಲ್ಲುತ್ತದೆ. ಮೂರು ಕಡೆ ಹಿಡಿದಿರಬೇಕು: ಮೇಲೆ ಚಾಸಿಯ ಪೈಪಿಗೆ ಒಂದು, ಕೆಳಗೆ ಎರಡು ಬದಿಗೆ ಎರಡು. ಒಂದೇ ಕ್ಲ್ಯಾಂಪಿನಲ್ಲಿ ನೇತಾಡುವ ಗಾರ್ಡ್ ಬಿದ್ದಾಗ ಗಿರಕಿ ಹೊಡೆದು ಹಿಂದಕ್ಕೆ, ಅಂದರೆ ಕಾಲಿನ ಕಡೆಗೆ, ತಿರುಗುತ್ತದೆ. ಕೈಯಲ್ಲಿ ಹಿಡಿದು ತೂಕ ನೋಡಿ. ವೆಲ್ಡಿಂಗ್ ಮಾಡಿದ ಜಾಗ ನೋಡಿ, ಸುತ್ತಲೂ ತುಂಬಿದ್ದಾರೋ, ಎರಡು ಚುಕ್ಕಿ ಹೊಡೆದು ಬಣ್ಣ ಬಳಿದಿದ್ದಾರೋ ಗೊತ್ತಾಗುತ್ತದೆ. ಪೈಪಿನ ತುದಿ ಬಿಟ್ಟಬಾಯಿಯಾಗಿದ್ದರೆ ಬೇಡ. ಬಿದ್ದಾಗ ಅದು ನಿಮ್ಮ ಕಾಲಿಗಾಗಲಿ, ದಾರಿಯಲ್ಲಿ ನಡೆಯುವವರ ಕಾಲಿಗಾಗಲಿ ಕೊರೆಯುವ ಕೊಳವೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಗೂಳಿ ಕೊಂಬಿನ ಗಾರ್ಡುಗಳಂತೂ ಹ್ಯಾಂಡಲಿಗಿಂತ ಅಗಲ. ಸಂತೆ ಬೀದಿಯಲ್ಲಿ ಎದುರು ಬಂದವರ ಸೈಕಲ್ಲಿಗೆ, ಹಸುವಿನ ಕಾಲಿಗೆ ಸಿಕ್ಕಿಕೊಳ್ಳುವುದು ಇವೇ. ಗಾರ್ಡ್ ಹ್ಯಾಂಡಲ್ಲಿನ ತುದಿಗಿಂತ ಒಳಗೇ ಇರಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ನೇರವಾದ ಬಿದಿರು ಗಳು ತಗೊಂಡು, ಒಂದು ತುದಿಯನ್ನು ಹ್ಯಾಂಡಲ್ಲಿನ ತುದಿಗೆ, ಇನ್ನೊಂದನ್ನು ಫುಟ್‌ರೆಸ್ಟಿನ ತುದಿಗೆ ಇಡಿ. ಬೈಕು ಆ ಪಕ್ಕಕ್ಕೆ ಬಿದ್ದರೆ ನೆಲ ಇರುವುದು ಹೆಚ್ಚೂಕಡಿಮೆ ಆ ಗಳುವಿನ ಗೆರೆಯಲ್ಲಿ. ಗೆರೆಯನ್ನು ಮುಟ್ಟುವುದು, ದಾಟುವುದು ಯಾವುದೋ ಅದು ಉಜ್ಜುತ್ತದೆ. ಎಷ್ಟೋ ಹಳೆಯ ಮಾದರಿ ಬೈಕುಗಳಲ್ಲಿ ಟ್ಯಾಂಕೂ ಎಂಜಿನ್ನೂ ಆ ಗೆರೆಯಿಂದ ಒಳಗೇ ಇರುತ್ತವೆ. ಹ್ಯಾಂಡಲ್ಲೂ ಫುಟ್‌ರೆಸ್ಟೂ ಆಗಲೇ ಅಷ್ಟಿಷ್ಟು ಗಾರ್ಡಿನ ಕೆಲಸ ಮಾಡುತ್ತಿವೆ. ಇದನ್ನು ನೋಡಿಕೊಂಡು ಆಮೇಲೆ ಅಂಗಡಿಗೆ ಹೋಗಿ.

ಹಾಕಿಸಿದ ಮೇಲಿನ ಕಥೆ ಇನ್ನೊಂದು. ಗಾರ್ಡಿನ ಮೇಲೆ ಕಾಲು ಚಾಚಿಕೊಂಡು ಹೈವೇಯಲ್ಲಿ ಹೋಗುವವರನ್ನು ದಿನಾ ನೋಡುತ್ತೇವೆ, ಮಂಚದ ಮೇಲೆ ಕೂತ ಹಾಗೆ. ಅರವತ್ತರ ವೇಗದಲ್ಲಿ ಬೈಕು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಹೋಗುತ್ತದೆ. ಗಾರ್ಡಿನ ಮೇಲಿಂದ ಕಾಲು ತೆಗೆದು ಬ್ರೇಕ್ ಪೆಡಲ್ಲಿಗೆ ಇಡಲು ಅರ್ಧ ಸೆಕೆಂಡ್ ಹಿಡಿದರೂ ಎಂಟು ಮೀಟರ್ ಹೋಯಿತು. ಸುಮಾರು ಒಂದು ಲಾರಿಯ ಉದ್ದ. ಬ್ರೇಕ್ ಹಿಡಿಯುವ ಮೊದಲೇ. ಜೊತೆಗೆ, ಬಿದ್ದರೆ ಮೊದಲು ನೆಲಕ್ಕೆ ಹೊಡೆಯುವ ಪೈಪಿನ ಮೇಲೇ ಕಾಲಿದೆ. ಕಾಲಿಗೆ ಸೇಫ್ಟಿ ಅಂತ ಕೊಂಡದ್ದರ ಮೇಲೆ!

ಹಾಲಿನ ಕ್ಯಾನು ಗಾರ್ಡಿಗೆ ನೇತುಹಾಕುವವರಿಗೆ ನಮ್ಮದೊಂದು ವಿನಂತಿ. ಡೈರಿಗೆ ಹೊತ್ತಾಗುತ್ತದೆ, ಬೆಳಗಿನ ಜಾವ, ಬೇರೆ ದಾರಿ ಇಲ್ಲ, ಎಲ್ಲ ಗೊತ್ತು. ಆದರೆ ಕ್ಯಾನು ಹಿಂದಿನ ಕ್ಯಾರಿಯರಿಗೆ ಕಟ್ಟಿ. ಮುಂದೆ ಕಟ್ಟಿದರೆ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಕಾಲು ಊರಬೇಕಾದಾಗ ಊರಲು ಜಾಗ ಇರುವುದಿಲ್ಲ. ಬೈಕು ವಾಲಿದಾಗ ಗಾರ್ಡು ನಿಮ್ಮ ಪಾದಕ್ಕೆ ಕೊಡಬೇಕಿದ್ದ ಆ ಸಂದನ್ನು ಕ್ಯಾನೇ ತುಂಬಿಕೊಂಡಿರುತ್ತದೆ.

ಈಗ ನಮಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 123ನೇ ನಿಯಮ ಬೈಕಿನಲ್ಲಿ ಹಿಂದೆ ಕೂರುವವರಿಗೆ ಏನೇನು ಇರಬೇಕು ಎಂದು ಹೇಳುತ್ತದೆ. ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟು, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ, ಬಟ್ಟೆ ಸಿಕ್ಕಿಕೊಳ್ಳದಂತೆ ತಡೆಯುವ ರಕ್ಷಣೆ. ನಾವು ಸೀರೆ ಗಾರ್ಡ್ ಅನ್ನುವುದು ಇದನ್ನೇ. ಲೆಗ್ ಗಾರ್ಡಿನ ಹೆಸರು ಆ ನಿಯಮದಲ್ಲಿ ಇಲ್ಲ. ಕಾನೂನು ಬೇಕು ಅನ್ನುವುದು ಸೀರೆ ಗಾರ್ಡು. ನಮ್ಮ ಹುಡುಗರು ಬೈಕು ಮನೆಗೆ ಬಂದ ವಾರಕ್ಕೆ ಕಿತ್ತೆಸೆಯುವುದೂ ಸೀರೆ ಗಾರ್ಡೇ. “ಲುಕ್ ಹಾಳಾಗುತ್ತೆ.” ಗುಜರಿಗೆ ಅದನ್ನು ಹಾಕಿ, ಆ ಕಡೆ ಸಾವಿರದೈನೂರರ ಲೆಗ್ ಗಾರ್ಡ್ ಹಾಕಿಸಿಕೊಂಡು ಬರುತ್ತಾರೆ. ಆಮೇಲೆ ಅದೇ ಬೈಕಿನ ಮೇಲೆ ಅವ್ವನನ್ನು ಒಂದೇ ಪಕ್ಕಕ್ಕೆ ಕೂರಿಸಿಕೊಂಡು ಮದುವೆಗೆ ಹೋಗುತ್ತಾರೆ.

ತಮ್ಮಂದಿರೇ, ಸೆರಗಿಗೆ ಚಕ್ರದ ಕಡ್ಡಿ ಸಿಕ್ಕಿಕೊಂಡರೆ ಕಿರುಚಲೂ ಹೊತ್ತಿರುವುದಿಲ್ಲ. ಸೆರಗು, ವೇಲು, ದುಪ್ಪಟ್ಟ ಸಿಕ್ಕಿ ಹಿಂದಕ್ಕೆ ಎಳೆದುಕೊಂಡು ಬಿದ್ದ ಹೆಣ್ಣುಮಕ್ಕಳ ಸುದ್ದಿ ಪ್ರತಿ ತಾಲ್ಲೂಕಿನಲ್ಲೂ ಕೇಳಿದ್ದೀರಿ. ಬೈಕು ಬಿದ್ದಿರುವುದೇ ಇಲ್ಲ. ಗಾರ್ಡಿಗೆ ಒಂದು ಗೀರೂ ಆಗಿರುವುದಿಲ್ಲ. ಕಿತ್ತ ಸೀರೆ ಗಾರ್ಡ್ ಅಟ್ಟದ ಮೇಲೆ ಇದ್ದರೆ ಇವತ್ತೇ ಇಳಿಸಿ ಹಾಕಿಸಿ. ಇಲ್ಲದಿದ್ದರೆ ಹಳೆಯದು ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ, ನಿಮ್ಮಂಥವರು ಬಿಸಾಡಿದ್ದೇ.

ಇನ್ನು ಹೆಲ್ಮೆಟ್ಟು. ಅದೇ ನಿಯಮಗಳ 138(4)(ಎಫ್) ಓದಿ: ಬೈಕು ಮಾರುವಾಗ, ಭಾರತೀಯ ಮಾನಕ ಬ್ಯೂರೋದ ಗುಣಮಟ್ಟಕ್ಕೆ ತಕ್ಕ ಹೆಲ್ಮೆಟ್ ಒಂದನ್ನು ತಯಾರಕರು ಒದಗಿಸಬೇಕು. ಪುಕ್ಕಟೆ ಎಂಬ ಪದ ಅದರಲ್ಲಿಲ್ಲ, ನಿಜ. ಆದರೆ ಬೈಕಿನ ಜೊತೆಗೇ ಬರಬೇಕು ಎಂಬುದು ಸ್ಪಷ್ಟವಾಗಿದೆ. ನಾವು ನೋಡಿದ ಕೊಟೇಶನ್ ಚೀಟಿಗಳಲ್ಲಿ ಹೆಲ್ಮೆಟ್ ಒಂದೋ ಇರಲೇ ಇಲ್ಲ, ಇಲ್ಲವೇ ಆಕ್ಸೆಸರೀಸ್ ಸಾಲಿನಲ್ಲಿ ಸೀಟ್ ಕವರಿನ ಪಕ್ಕ ಕೂತಿತ್ತು. ನಿಯಮ ಕೊಡು ಅನ್ನುವುದನ್ನು ಕೇಳಿದರೂ ಕೊಡುವುದಿಲ್ಲ, ನಿಯಮದಲ್ಲಿ ಇಲ್ಲದ್ದನ್ನು ಕೇಳದೆಯೇ ಜೋಡಿಸಿ ಕಳಿಸುತ್ತಾರೆ.

ಲೆಕ್ಕ ಹೀಗಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029, ಅದರಲ್ಲಿ 14,337 ಜನ ಹಿಂದೆ ಕೂತವರು. ಒಟ್ಟು ರಸ್ತೆ ಸಾವಿನಲ್ಲಿ ನೂರಕ್ಕೆ ಸುಮಾರು 68 ಆದದ್ದು ಹಳ್ಳಿಗಾಡಿನಲ್ಲಿ. ಪಟ್ಟಣದಲ್ಲಿ ಪೊಲೀಸ್ ಹಿಡಿಯುತ್ತಾರೆ, ಹಾಗಾಗಿ ಅಲ್ಲಿ ಹಾಕಿದರೆ ಸಾಕು, ಊರೊಳಗೆ ಯಾಕೆ ಅನ್ನುವವರು ಆ 68ನ್ನು ಇನ್ನೊಮ್ಮೆ ಓದಿ. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿ 2016ರ ಜನವರಿಗೇ ಬಂತು. ನಮ್ಮ ಹಳ್ಳಿ ರಸ್ತೆಯಲ್ಲಿ ಹೆಲ್ಮೆಟ್ ಹಾಕಿ ಹಿಂದೆ ಕೂತ ಹೆಂಗಸನ್ನು ನೀವು ಕೊನೆಯ ಸಲ ಯಾವಾಗ ನೋಡಿದಿರಿ?

ದುಡ್ಡಿನ ಮಾತಿಗೇ ಬರೋಣ. ಗಾರ್ಡು, ಕವರು, ಸ್ಟಿಕ್ಕರು ಸೇರಿ ಮೂರು ಸಾವಿರ ಎಂದಿಟ್ಟುಕೊಳ್ಳಿ. ಅದೇ ಮೂರು ಸಾವಿರದಲ್ಲಿ ಐಎಸ್‌ಐ ಗುರುತಿನ, ಗಲ್ಲ ಮುಚ್ಚುವ ಹೆಲ್ಮೆಟ್ ಎರಡು ಬರುತ್ತದೆ, ನಿಮಗೊಂದು, ಹಿಂದೆ ಕೂರುವವರಿಗೊಂದು. ಉಳಿದದ್ದರಲ್ಲಿ ಶೂ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವುದೇ ತಪ್ಪು. ರಸ್ತೆ ಬದಿ ಇನ್ನೂರು ರೂಪಾಯಿಗೆ ನೇತುಹಾಕಿರುವ ಅರ್ಧ ತಲೆಯ ಟೊಪ್ಪಿ ಪೊಲೀಸರಿಗೆ ತೋರಿಸಲು ಮಾತ್ರ. ಹೆಲ್ಮೆಟ್ ಹಿಂಭಾಗದ ಗುರುತಿನಲ್ಲಿ ಐಎಸ್ 4151 ಎಂದಿದೆಯೇ ನೋಡಿ.

“ಗಾರ್ಡ್ ಹಾಕುಸ್ದೆ ಗಾಡಿ ಕೊಡಕ್ಕಾಗಲ್ಲ, ಪ್ಯಾಕೇಜು” ಎಂದು ಶೋರೂಮಿನವರು ಹೇಳಿದರೆ? ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ, ದೂರು ಕೊಡಬಹುದಾದ ತಪ್ಪು ಅದು. ಮೊದಲು ಬಾಯಿಮಾತು ಬೇಡ, ಆ ಮಾತನ್ನು ಚೀಟಿಯಲ್ಲಿ ಬರೆದುಕೊಡಿ ಅನ್ನಿ. ಹೆಚ್ಚಿನವರು ಅಷ್ಟಕ್ಕೇ ದಾರಿಗೆ ಬರುತ್ತಾರೆ, ಬರೆದುಕೊಡಲು ಅವರಿಗೂ ಧೈರ್ಯವಿಲ್ಲ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.

ನಿಮ್ಮ ಮನೆಯ ಬೈಕಿನ ಕೊಟೇಶನ್ ಚೀಟಿ ಇನ್ನೂ ಇದ್ದರೆ ಹುಡುಕಿ. ನಿಮ್ಮ ಹೆಸರು, ಫೋನ್ ನಂಬರ್ ಮುಚ್ಚಿ, ಆಕ್ಸೆಸರೀಸ್ ಸಾಲು ಕಾಣುವ ಹಾಗೆ ಒಂದು ಫೋಟೊ ತೆಗೆದು ನಮಗೆ ಕಳಿಸಿ. ಹೆಲ್ಮೆಟ್ ಕೊಟ್ಟಿದ್ದರೋ ಇಲ್ಲವೋ, ಕೊಟ್ಟಿದ್ದರೆ ಎಷ್ಟು ಹಿಡಿದರು, ಸೀರೆ ಗಾರ್ಡ್ ಈಗ ಬೈಕಿನಲ್ಲಿದೆಯೋ ಅಟ್ಟದಲ್ಲಿದೆಯೋ, ಅದನ್ನೂ ಬರೆಯಿರಿ. ಐವತ್ತು ಚೀಟಿ ಸೇರಿದ ಮೇಲೆ ತಾಲ್ಲೂಕುವಾರು ಲೆಕ್ಕ ಹಾಕಿ, ಆರ್‌ಟಿಒ ಕಚೇರಿಗೆ ಹಿಡಿದುಕೊಂಡು ಹೋಗುತ್ತೇವೆ.